ಸಣ್ಣ ಉದ್ಯಮಗಳ ಆರೋಗ್ಯ: ಕಾನೂನಿನ ಆಸರೆ, ಉದ್ಯಮಿಯ ಎಚ್ಚರ

ದೇಹದ ಅಂಗಾಂಗಗಳೆಲ್ಲವೂ ಸುಸ್ಥಿತಿಯಲ್ಲಿದ್ದರೂ ರಕ್ತಸಂಚಾರ ತಡೆದು ನಿಂತರೆ ಪ್ರಾಣಕ್ಕೆ ಅಪಾಯ ಎಂಬುದು ಸರ್ವವಿದಿತ. ಸಣ್ಣ ಉದ್ಯಮಗಳ ವಿಷಯದಲ್ಲಿಯೂ ಈ ಮಾತು ಸತ್ಯ. ಯಂತ್ರಗಳು ಸರಿಯಾಗಿ ನಡೆಯುತ್ತಿರುತ್ತವೆ, ಕೆಲಸಗಾರರು ನುರಿತವರಾಗಿರುತ್ತಾರೆ, ಬೇಡಿಕೆಗೆ ಕೊರತೆಯಿರುವುದಿಲ್ಲ, ಲೆಕ್ಕದ ಪುಸ್ತಕದಲ್ಲಿ ಲಾಭವೂ ಕಾಣುತ್ತಿರುತ್ತದೆ. ಆದರೂ ತಿಂಗಳ ಕೊನೆಗೆ ಸಂಬಳ ಬಟವಾಡೆ ಮಾಡಲು ಒಡೆಯನ ಕೈಯಲ್ಲಿ ಹಣವಿರುವುದಿಲ್ಲ. ಮಾಡಿಕೊಟ್ಟ ಕೆಲಸದ ಹಣ ದೊಡ್ಡ ಗಿರಾಕಿಯ ಬಳಿ ಉಳಿದುಕೊಂಡಿರುತ್ತದೆ. ಹೈದರಾಬಾದಿನ ಬಾಲಾನಗರ, ಸನತ್‌ನಗರ, ಜೀಡಿಮೆಟ್ಲ, ಚೆರ್ಲಪಲ್ಲಿಗಳ ಕೈಗಾರಿಕಾ ವಸಾಹತುಗಳಲ್ಲಿ ಲೇತ್ ಯಂತ್ರದ ಮುಂದೆ ನಿಂತು ಬದುಕು ಕಟ್ಟಿಕೊಂಡವರಿಗೆ ಈ ವ್ಯಾಧಿಯನ್ನು ಪ್ರತ್ಯೇಕವಾಗಿ ಪರಿಚಯಿಸಬೇಕಾಗಿಲ್ಲ.

ಸಣ್ಣ ಉದ್ಯಮಗಳ ಬೆಳವಣಿಗೆಗಾಗಿ ಸರ್ಕಾರವು ಏನು ಮಾಡಿದೆ ಎಂದು ಕೇಳಿದರೆ, ಬಹುಮಂದಿ ಸಾಲ ಮತ್ತು ಸಹಾಯಧನಗಳನ್ನೇ ಹೆಸರಿಸುತ್ತಾರೆ. ಆದರೆ ಕಳೆದ ಎಪ್ಪತ್ತು ವರ್ಷಗಳಲ್ಲಿ ಈ ದೇಶದಲ್ಲಿ ರೂಪುಗೊಂಡ ಕಾನೂನುಗಳಲ್ಲಿ ಸಣ್ಣ ಉದ್ಯಮಿಗೆ ಎಲ್ಲಕ್ಕಿಂತ ಹೆಚ್ಚು ಉಪಯುಕ್ತವಾದುದು, ಅವನು ದುಡಿದ ಹಣವನ್ನು ಕಾಲಕ್ಕೆ ಸರಿಯಾಗಿ ಅವನ ಕೈಗೆ ತಲುಪಿಸುವ ಕಾನೂನು. ಅದನ್ನು ಬಲ್ಲವರು ಕಡಿಮೆ. ಬಲ್ಲವರಲ್ಲಿಯೂ ಬಳಸುವವರು ಇನ್ನೂ ಕಡಿಮೆ. ಆ ಕಾನೂನು ಹೇಗೆ ಬಂದಿತು, ಹೇಗೆ ಕೆಲಸಮಾಡುತ್ತದೆ, ಯಾವ ಎಚ್ಚರವಿಲ್ಲದಿದ್ದರೆ ಕೈಕೊಡುತ್ತದೆ ಎಂಬುದನ್ನು ತಿಳಿಯುವುದು ಪ್ರತಿಯೊಬ್ಬ ಸಣ್ಣ ಉದ್ಯಮಿಯ ಕರ್ತವ್ಯವಾಗಿದೆ.

ಹೈದರಾಬಾದಿನ ಹಿನ್ನೆಲೆ

ಹೈದರಾಬಾದಿಗೆ ಕೈಗಾರಿಕೆಗಳು ಹೊಸವಲ್ಲ. ನಿಜಾಮ ಸರ್ಕಾರವು 1929ರಲ್ಲಿಯೇ ಕೈಗಾರಿಕೆಗಳಿಗೆ ನೆರವಾಗಲೆಂದು ಕೈಗಾರಿಕಾ ಟ್ರಸ್ಟ್ ನಿಧಿಯನ್ನು ಸ್ಥಾಪಿಸಿತ್ತು. ಆಜಮಾಬಾದ್ ಕೈಗಾರಿಕಾ ಪ್ರದೇಶವು ಆ ಕಾಲದಲ್ಲಿಯೇ ರೂಪುಗೊಂಡಿತು. 1942ರಲ್ಲಿ ಆಲ್ವಿನ್ ಲೋಹ ಕಾರ್ಖಾನೆ, 1943ರಲ್ಲಿ ಪ್ರಾಗಾ ಟೂಲ್ಸ್ ತಲೆಯೆತ್ತಿದವು. ನೆರೆಯ ಮೈಸೂರು ಸಂಸ್ಥಾನದಲ್ಲಿಯೂ ಇಂಥದೇ ಪ್ರಯತ್ನಗಳು ನಡೆದಿದ್ದವು. 1908ರ ಮೂಸಿ ನದಿಯ ಮಹಾಪ್ರವಾಹದ ಅನಂತರ ಹೈದರಾಬಾದಿಗೆ ಬಂದು ನೆರೆ ತಡೆಯುವ ಯೋಜನೆಯನ್ನು ರೂಪಿಸಿಕೊಟ್ಟ ಸರ್ ಎಂ. ವಿಶ್ವೇಶ್ವರಯ್ಯನವರು, ಮುಂದೆ ಮೈಸೂರಿನ ದಿವಾನರಾಗಿ 1913ರಲ್ಲಿ ಮೈಸೂರು ಬ್ಯಾಂಕನ್ನೂ 1916ರಲ್ಲಿ ಮೈಸೂರು ವಾಣಿಜ್ಯ ಮಂಡಲಿಯನ್ನೂ ಸ್ಥಾಪಿಸಲು ಕಾರಣರಾದರು. ಉದ್ಯಮಕ್ಕೆ ಹಣದ ಹರಿವೂ ಸಂಘಟಿತವಾದ ದನಿಯೂ ಬೇಕೆಂಬುದನ್ನು ಅವರು ಅಂದೇ ಕಂಡುಕೊಂಡಿದ್ದರು.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳು ಕನ್ನಡನಾಡಿನೊಡನೆ ಸೇರಿದವು. ರಾಜಕೀಯ ಗಡಿ ಬದಲಾದರೂ ಆ ಜಿಲ್ಲೆಗಳಿಗೂ ಹೈದರಾಬಾದಿಗೂ ಇದ್ದ ವ್ಯವಹಾರದ ನಂಟು ಕಡಿಯಲಿಲ್ಲ. ಅರವತ್ತರ ದಶಕದಲ್ಲಿ ರಾಮಚಂದ್ರಾಪುರದಲ್ಲಿ ಭಾರತ್ ಹೆವಿ ಎಲೆಕ್ಟ್ರಿಕಲ್ಸ್, ಬಾಲಾನಗರದಲ್ಲಿ ಹಿಂದುಸ್ತಾನ್ ಏರೋನಾಟಿಕ್ಸ್ ಹಾಗೂ ಔಷಧ ತಯಾರಿಕೆಯ ಐ.ಡಿ.ಪಿ.ಎಲ್., ನಗರದ ಹೊರವಲಯದಲ್ಲಿ ಬೆಂಗಳೂರು ಮೂಲದ ಎಚ್.ಎಂ.ಟಿ. ಸಂಸ್ಥೆಯ ಘಟಕ, 1967ರಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಹೀಗೆ ಸಾರ್ವಜನಿಕ ವಲಯದ ಬೃಹತ್ ಉದ್ದಿಮೆಗಳು ಸಾಲುಗೊಂಡವು. ಇವುಗಳಿಗೆ ಬೇಕಾದ ಬಿಡಿಭಾಗಗಳನ್ನೂ ಅಚ್ಚುಗಳನ್ನೂ ಮಾಡಿಕೊಡುವ ನೂರಾರು ಸಣ್ಣ ಘಟಕಗಳು ಸುತ್ತಲೂ ಹುಟ್ಟಿಕೊಂಡವು. ಆಲದ ಮರವೊಂದರ ಸುತ್ತ ಬಿಳಲುಗಳು ಇಳಿದಂತೆ ಈ ಬೆಳವಣಿಗೆ ನಡೆಯಿತು. 1968ರಲ್ಲಿ ಬಾಲಾನಗರದಲ್ಲಿ ಸ್ಥಾಪಿತವಾದ ಕೇಂದ್ರೀಯ ಉಪಕರಣ ವಿನ್ಯಾಸ ಸಂಸ್ಥೆಯು ಈ ಘಟಕಗಳಿಗೆ ತಂತ್ರಜ್ಞಾನವನ್ನೂ ತರಬೇತಾದ ಕುಶಲಿಗಳನ್ನೂ ಒದಗಿಸಿತು.

ಸಣ್ಣ ಉದ್ಯಮಗಳ ಅಧ್ಯಯನ ಮತ್ತು ತರಬೇತಿಗಾಗಿಯೇ ಮೀಸಲಾದ ರಾಷ್ಟ್ರೀಯ ಸಂಸ್ಥೆಯೂ ಈ ನಗರದಲ್ಲಿದೆ. 1960ರಲ್ಲಿ ದೆಹಲಿಯಲ್ಲಿ ಆರಂಭವಾಗಿ 1962ರಲ್ಲಿ ಹೈದರಾಬಾದಿಗೆ ಬಂದು 'ಸೀಯೆಟ್' ಎಂದು ಹೆಸರಾದ ಈ ಸಂಸ್ಥೆ ಯೂಸುಫ್‌ಗುಡದಲ್ಲಿ ನೆಲೆಗೊಂಡಿದ್ದು, 2007ರಿಂದ ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ರಾಷ್ಟ್ರೀಯ ಸಂಸ್ಥೆ ಎಂಬ ಹೆಸರನ್ನು ಪಡೆದಿದೆ. 1964ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲಂಡ್ ಅವರ ಮಾರ್ಗದರ್ಶನದಲ್ಲಿ ಕಾಕಿನಾಡದ ಸಣ್ಣ ಉದ್ಯಮಿಗಳಿಗೆ ಈ ಸಂಸ್ಥೆ ನೀಡಿದ ತರಬೇತಿ ಜಗತ್ತಿನ ಗಮನ ಸೆಳೆಯಿತು. ಸಾಧಿಸಬೇಕೆಂಬ ಛಲವನ್ನು ತರಬೇತಿಯಿಂದ ಬೆಳೆಸಬಹುದು ಎಂಬುದು ಆ ಪ್ರಯೋಗದ ಸಾರ. ಆದರೆ ಛಲವೊಂದೇ ಸಾಲದು. ನ್ಯಾಯವಾದ ವ್ಯವಹಾರದ ಕಟ್ಟುಪಾಡೂ ಬೇಕು. ಅದನ್ನು ಒದಗಿಸುವುದು ಶಾಸನದ ಕೆಲಸ.

ಮೀಸಲಾತಿಯ ಕಾಲ

ಸ್ವಾತಂತ್ರ್ಯಾನಂತರದ ಮೊದಲ ದಶಕಗಳಲ್ಲಿ ಸರ್ಕಾರವು ಸಣ್ಣ ಉದ್ಯಮವನ್ನು ಎಳೆಯ ಗಿಡದಂತೆ ಭಾವಿಸಿ ಅದರ ಸುತ್ತ ಬೇಲಿ ಕಟ್ಟಿತು. 1951ರಲ್ಲಿ ಕೈಗಾರಿಕೆಗಳ ಅಭಿವೃದ್ಧಿ ಮತ್ತು ನಿಯಂತ್ರಣ ಅಧಿನಿಯಮ ಬಂದಿತು. ಅದೇ ವರ್ಷದ ರಾಜ್ಯ ಹಣಕಾಸು ನಿಗಮಗಳ ಅಧಿನಿಯಮದಿಂದಾಗಿ ಸಣ್ಣ ಘಟಕಗಳಿಗೆ ದೀರ್ಘಾವಧಿ ಸಾಲ ದೊರೆಯುವ ದಾರಿ ತೆರೆಯಿತು. 1955ರಲ್ಲಿ ರಾಷ್ಟ್ರೀಯ ಸಣ್ಣ ಕೈಗಾರಿಕಾ ನಿಗಮ ಸ್ಥಾಪಿತವಾಯಿತು. ಐದು ಲಕ್ಷ ರೂಪಾಯಿಗಿಂತ ಕಡಿಮೆ ಬಂಡವಾಳದ, ವಿದ್ಯುತ್ ಬಳಸಿದರೆ ಐವತ್ತಕ್ಕಿಂತ ಕಡಿಮೆ, ಬಳಸದಿದ್ದರೆ ನೂರಕ್ಕಿಂತ ಕಡಿಮೆ ಕೆಲಸಗಾರರುಳ್ಳ ಘಟಕವನ್ನು 'ಸಣ್ಣ' ಎಂದು ಆಗ ಪರಿಗಣಿಸಲಾಗುತ್ತಿತ್ತು.

1967ರಲ್ಲಿ 47 ವಸ್ತುಗಳ ತಯಾರಿಕೆಯನ್ನು ಸಣ್ಣ ಉದ್ಯಮಗಳಿಗೇ ಮೀಸಲಿಡಲಾಯಿತು. 1977ರ ಕೈಗಾರಿಕಾ ನೀತಿಯು ಈ ಪಟ್ಟಿಯನ್ನು ಐನೂರಕ್ಕೂ ಮೇಲೇರಿಸಿತು. ಮರುವರ್ಷ ಜಿಲ್ಲಾ ಕೈಗಾರಿಕಾ ಕೇಂದ್ರಗಳು ಆರಂಭವಾದವು. ಮುಂದೆ ಮೀಸಲು ವಸ್ತುಗಳ ಸಂಖ್ಯೆ ಎಂಟುನೂರನ್ನು ದಾಟಿತು. ಬೇಲಿಯಿಂದ ಪ್ರಯೋಜನವಾದುದು ನಿಜ. ದೊಡ್ಡ ಕಾರ್ಖಾನೆಗಳ ಪೈಪೋಟಿಯಿಲ್ಲದೆ ಅನೇಕ ಘಟಕಗಳು ಬೇರೂರಿದವು. ಆದರೆ ಬೇಲಿಯೊಳಗಿನ ಗಿಡ ಬೇಲಿಯನ್ನು ಮೀರಿ ಬೆಳೆಯುವಂತಿರಲಿಲ್ಲ. ಬಂಡವಾಳದ ಮಿತಿ ದಾಟಿದರೆ ರಿಯಾಯಿತಿ ತಪ್ಪುವುದೆಂಬ ಅಂಜಿಕೆಯಿಂದ ಹಲವರು ಯಂತ್ರ ಸುಧಾರಣೆಗೆ ಹಿಂಜರಿದರು. 1991ರ ಅನಂತರ ಮಾರುಕಟ್ಟೆ ತೆರೆದುಕೊಂಡಿತು. ಪಟ್ಟಿ ಹಂತಹಂತವಾಗಿ ಕರಗಿತು. 2015ರ ಏಪ್ರಿಲ್‌ನಲ್ಲಿ ಕೊನೆಯ 20 ವಸ್ತುಗಳ ಮೀಸಲಾತಿಯೂ ರದ್ದಾಯಿತು.

ಮೀಸಲಾತಿ ಹೋಯಿತೆಂದು ಸರ್ಕಾರದ ಆಸರೆಯೇ ಹೋಯಿತೆಂದು ತಿಳಿಯುವುದು ಸರಿಯಲ್ಲ. ಆಸರೆಯ ಸ್ವರೂಪ ಬದಲಾಯಿತು. ಪೈಪೋಟಿಯಿಂದ ಕಾಪಾಡುವ ಕೆಲಸವನ್ನು ಬಿಟ್ಟ ಕಾನೂನು, ವ್ಯವಹಾರದಲ್ಲಿ ದುರ್ಬಲನಾದವನಿಗೆ ಹಕ್ಕುಗಳನ್ನು ಕೊಡುವ ಕೆಲಸವನ್ನು ಕೈಗೊಂಡಿತು.

ಬಾಕಿಯೆಂಬ ವ್ಯಾಧಿ

ಬಾಕಿಯು ಉದ್ಯಮವನ್ನು ಹೇಗೆ ಕ್ಷೀಣಿಸುತ್ತದೆ ಎಂಬುದನ್ನು ಒಂದು ಕಾಲ್ಪನಿಕ ಲೆಕ್ಕದಿಂದ ಅರಿಯಬಹುದು. ತಿಂಗಳಿಗೆ ಮೂರು ಲಕ್ಷ ರೂಪಾಯಿಯ ಬಿಡಿಭಾಗಗಳನ್ನು ಮಾಡಿಕೊಡುವ ಒಂದು ಕಾರ್ಯಾಗಾರವಿದೆ ಎಂದು ಭಾವಿಸಬಹುದು. ಕಚ್ಚಾಸಾಮಗ್ರಿಗೆ 1,40,000, ಸಂಬಳಕ್ಕೆ 80,000, ಬಾಡಿಗೆ ಮತ್ತು ವಿದ್ಯುತ್ತಿಗೆ 40,000, ಒಟ್ಟು 2,60,000 ರೂಪಾಯಿ ವೆಚ್ಚ. ಉಳಿತಾಯ ತಿಂಗಳಿಗೆ 40,000 ರೂಪಾಯಿ.

ಗಿರಾಕಿಯು 45 ದಿನಗಳಲ್ಲಿ ಹಣ ಕೊಟ್ಟರೆ, ಒಂದೂವರೆ ತಿಂಗಳ ವೆಚ್ಚವಾದ 3,90,000 ರೂಪಾಯಿ ಒಡೆಯನ ಕೈಯಿಂದ ಹೊರಗಿರುತ್ತದೆ. 90 ದಿನಗಳಾದರೆ ಈ ಮೊತ್ತ 7,80,000 ಆಗುತ್ತದೆ. ಹೆಚ್ಚಿನ 3,90,000 ರೂಪಾಯಿಯನ್ನು ತಿಂಗಳಿಗೆ ನೂರಕ್ಕೆ ಎರಡರ ಬಡ್ಡಿಗೆ ಖಾಸಗಿಯಾಗಿ ತಂದರೆ ತಿಂಗಳ ಬಡ್ಡಿ 7,800. ಉಳಿತಾಯದ ಐದನೆಯ ಒಂದು ಭಾಗ ಅಲ್ಲಿಗೆ ಹೋಯಿತು. 180 ದಿನಗಳಾದರೆ ಹೆಚ್ಚಾಗಿ ತರಬೇಕಾದ ಹಣ 11,70,000, ಬಡ್ಡಿ 23,400. ಉಳಿತಾಯದ ಅರ್ಧಕ್ಕಿಂತ ಹೆಚ್ಚು ಭಾಗ ಬಡ್ಡಿಗೇ ಸಲ್ಲುತ್ತದೆ. ಇದರೊಡನೆ ಸರಕು ಮತ್ತು ಸೇವಾ ತೆರಿಗೆಯೂ ಇದೆ. ಬಿಲ್ಲಿನ ಹಣ ಬರಲಿ, ಬಾರದಿರಲಿ, ಸಾಮಾನ್ಯವಾಗಿ ಬಿಲ್ಲು ಬರೆದ ಮರುತಿಂಗಳೇ ತೆರಿಗೆಯನ್ನು ಕಟ್ಟಬೇಕಾಗುತ್ತದೆ.

ಹೀಗೆ ಸಣ್ಣವನು ತನ್ನ ಬಡ್ಡಿಯಿಂದ ದೊಡ್ಡವನಿಗೆ ಬಂಡವಾಳ ಒದಗಿಸಿದಂತಾಗುತ್ತದೆ. 'ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ' ಎಂಬ ನಮ್ಮ ಗಾದೆ ಇಂಥ ಸಂದರ್ಭವನ್ನು ಕಂಡೇ ಹುಟ್ಟಿರಬೇಕು.

45 ದಿನಗಳ ಕಾನೂನು

ಈ ಅನ್ಯಾಯವನ್ನು ಕಾನೂನು ಗುರುತಿಸಿದುದು ತಡವಾಗಿ. ಸಣ್ಣ ಹಾಗೂ ಪೂರಕ ಕೈಗಾರಿಕೆಗಳಿಗೆ ತಡವಾಗಿ ಕೊಡುವ ಹಣದ ಮೇಲೆ ಬಡ್ಡಿ ವಿಧಿಸುವ ಅಧಿನಿಯಮವು 1993ರಲ್ಲಿ ಅಂಗೀಕೃತವಾಯಿತು. 1998ರ ತಿದ್ದುಪಡಿಯು ಹಣ ಪಾವತಿಗೆ 120 ದಿನಗಳ ಗರಿಷ್ಠ ಮಿತಿಯನ್ನು ಹಾಕಿತು. ಈ ಅಧಿನಿಯಮದ ಬದಲಿಗೆ ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮವು 2006ರ ಅಕ್ಟೋಬರ್ 2ರಂದು ಜಾರಿಗೆ ಬಂದಿತು. ಇದರ 15ರಿಂದ 24ರವರೆಗಿನ ಪ್ರಕರಣಗಳು ಬಾಕಿ ವಸೂಲಿಗೆ ಸಂಬಂಧಿಸಿದವು. ಅವುಗಳ ಸಾರ ಹೀಗಿದೆ:

1. ಅತಿ ಸಣ್ಣ ಅಥವಾ ಸಣ್ಣ ಉದ್ಯಮದಿಂದ ಸರಕನ್ನೋ ಸೇವೆಯನ್ನೋ ಪಡೆದವರು ಬರಹದ ಒಪ್ಪಂದದಲ್ಲಿ ಗೊತ್ತುಪಡಿಸಿದ ದಿನದೊಳಗೆ ಹಣ ಕೊಡಬೇಕು. ಆ ಅವಧಿ ಯಾವ ಕಾರಣಕ್ಕೂ 45 ದಿನಗಳನ್ನು ಮೀರುವಂತಿಲ್ಲ. 90 ದಿನವೆಂದು ಒಪ್ಪಂದದಲ್ಲಿ ಬರೆಸಿಕೊಂಡರೂ ಆ ಮಾತಿಗೆ ಬೆಲೆಯಿಲ್ಲ.

2. ಅವಧಿಯ ಬಗ್ಗೆ ಬರಹದ ಒಪ್ಪಂದವೇ ಇಲ್ಲದಿದ್ದರೆ, ಸರಕು ಸ್ವೀಕೃತವಾದ ದಿನದಿಂದ 15 ದಿನಗಳೊಳಗೆ ಹಣ ಸಲ್ಲಬೇಕು.

3. ಸರಕಿನಲ್ಲಿ ದೋಷವಿದ್ದರೆ ಖರೀದಿದಾರನು 15 ದಿನಗಳೊಳಗೆ ಬರಹದ ಮೂಲಕ ಆಕ್ಷೇಪಿಸಬೇಕು. ಹಾಗೆ ಮಾಡದಿದ್ದರೆ ತಲುಪಿದ ದಿನವೇ ಸರಕು ಸ್ವೀಕೃತವಾಯಿತೆಂದು ಕಾನೂನು ಭಾವಿಸುತ್ತದೆ. ಆರು ತಿಂಗಳ ಅನಂತರ ಹಣ ಕೇಳಿದಾಗ 'ಮಾಲು ಸರಿಯಿರಲಿಲ್ಲ' ಎಂದು ಕಾರಣ ಹುಡುಕುವುದಕ್ಕೆ ಇದರಿಂದ ತಡೆ ಬಿದ್ದಿದೆ.

4. ಅವಧಿ ಮೀರಿದರೆ, ರಿಸರ್ವ್ ಬ್ಯಾಂಕು ಪ್ರಕಟಿಸುವ ಬ್ಯಾಂಕ್ ದರದ ಮೂರುಪಟ್ಟು ಬಡ್ಡಿಯನ್ನು, ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿಯ ಲೆಕ್ಕದಲ್ಲಿ ಕೊಡಬೇಕು. ಬ್ಯಾಂಕ್ ದರ ಶೇಕಡ 6 ಇದೆ ಎಂದಿಟ್ಟುಕೊಂಡರೆ ಬಡ್ಡಿ ವರ್ಷಕ್ಕೆ ಶೇಕಡ 18. ಒಂದು ಲಕ್ಷ ರೂಪಾಯಿಯ ಬಾಕಿಗೆ ಆರು ತಿಂಗಳಲ್ಲಿ ಸುಮಾರು 9,344, ಒಂದು ವರ್ಷದಲ್ಲಿ ಸುಮಾರು 19,562 ರೂಪಾಯಿ ಬಡ್ಡಿ ಕೂಡುತ್ತದೆ.

5. ಹಣ ಬಾರದಿದ್ದಾಗ ರಾಜ್ಯ ಸರ್ಕಾರವು ರಚಿಸಿರುವ ಸೌಲಭ್ಯ ಮಂಡಲಿಗೆ ದೂರು ಕೊಡಬಹುದು. ಮಂಡಲಿಯು ಮೊದಲು ಸಂಧಾನಕ್ಕೆ ಯತ್ನಿಸುತ್ತದೆ. ವಿಫಲವಾದರೆ ಮಧ್ಯಸ್ಥಿಕೆಯಿಂದ ತೀರ್ಪು ಕೊಡಿಸುತ್ತದೆ. ಇದಕ್ಕೆ ಅಧಿನಿಯಮವು 90 ದಿನಗಳ ಗಡುವನ್ನು ವಿಧಿಸಿದೆ. ವ್ಯವಹಾರದಲ್ಲಿ ಅದಕ್ಕಿಂತ ಹೆಚ್ಚು ಕಾಲ ಹಿಡಿಯುವುದೂ ಉಂಟು.

6. ಮಂಡಲಿಯ ತೀರ್ಪಿನ ವಿರುದ್ಧ ನ್ಯಾಯಾಲಯಕ್ಕೆ ಹೋಗಬಯಸುವ ಖರೀದಿದಾರನು ತೀರ್ಪಿನ ಮೊತ್ತದ ಶೇಕಡ 75ರಷ್ಟನ್ನು ಮೊದಲು ಠೇವಣಿ ಇಡಬೇಕು. ಕಾಲಹರಣಕ್ಕಾಗಿಯೇ ಮೊಕದ್ದಮೆ ಹೂಡುವವರಿಗೆ ಇದು ಕಡಿವಾಣ.

ಹೈದರಾಬಾದಿನ ಕನ್ನಡಿಗ ಉದ್ಯಮಿಗಳು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದು ಇಲ್ಲಿದೆ. ಸರಬರಾಜುದಾರನು ಇರುವ ಊರಿನ ಮಂಡಲಿಗೆ ಅಧಿಕಾರವ್ಯಾಪ್ತಿ ಇದೆ. ಖರೀದಿದಾರನು ಭಾರತದ ಯಾವ ಮೂಲೆಯಲ್ಲಿದ್ದರೂ ಸರಿಯೆ. ಜೀಡಿಮೆಟ್ಲದ ಘಟಕವು ಬೆಂಗಳೂರಿಗೋ ಕಲಬುರಗಿಗೋ ಸರಕು ಕಳುಹಿಸಿದ್ದರೆ, ಬಾಕಿಗಾಗಿ ಅಲ್ಲಿಗೆ ಅಲೆಯದೆ ತೆಲಂಗಾಣದ ಮಂಡಲಿಯ ಮುಂದೆಯೇ ದೂರನ್ನಿಡಬಹುದು. ಬೀದರಿನ ಘಟಕಕ್ಕೆ ಹೈದರಾಬಾದಿನ ಗಿರಾಕಿ ಬಾಕಿ ಉಳಿಸಿಕೊಂಡಿದ್ದರೆ ಕರ್ನಾಟಕದ ಮಂಡಲಿ ವಿಚಾರಿಸುತ್ತದೆ. 2017ರಲ್ಲಿ 'ಸಮಾಧಾನ್' ಎಂಬ ಗಣಕ ವ್ಯವಸ್ಥೆ ಬಂದಾಗಿನಿಂದ ಕುಳಿತಲ್ಲಿಂದಲೇ ದೂರು ಸಲ್ಲಿಸುವ ಅನುಕೂಲವೂ ಇದೆ.

ಬೆಂಬಲವಾಗಿ ನಿಂತ ಇತರ ವಿಧಿಗಳು

ಸಣ್ಣವನು ದೂರು ಕೊಡಲು ಅಂಜುತ್ತಾನೆ ಎಂಬುದನ್ನು ಅರಿತು, ದೂರಿಲ್ಲದೆಯೂ ಖರೀದಿದಾರನ ಮೇಲೆ ಒತ್ತಡ ಬೀಳುವಂತೆ ಕೆಲವು ವಿಧಿಗಳನ್ನು ರೂಪಿಸಲಾಗಿದೆ. 2023ರ ಹಣಕಾಸು ಅಧಿನಿಯಮವು ಆದಾಯ ತೆರಿಗೆ ಕಾಯಿದೆಗೆ ಒಂದು ಹೊಸ ವಿಧಿಯನ್ನು ಸೇರಿಸಿತು. ಅದರಂತೆ, ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಸಲ್ಲಬೇಕಾದ ಹಣವನ್ನು ಕಾನೂನಿನ ಅವಧಿಯೊಳಗೆ ಕೊಡದಿದ್ದರೆ, ಆ ವೆಚ್ಚವನ್ನು ಹಣ ಕೊಟ್ಟ ವರ್ಷದಲ್ಲಿ ಮಾತ್ರ ಆದಾಯದಿಂದ ಕಳೆಯಬಹುದು. ಮಾರ್ಚ್ ಕೊನೆಯಲ್ಲಿ ಇಂಥ ಬಾಕಿ ಉಳಿಸಿಕೊಂಡವನ ತೆರಿಗೆ ಆ ವರ್ಷ ಏರುತ್ತದೆ. ತಡಮಾಡಿದ್ದಕ್ಕೆ ತೆರುವ ಬಡ್ಡಿಯನ್ನಂತೂ ವೆಚ್ಚವೆಂದು ತೋರಿಸುವಂತೆಯೇ ಇಲ್ಲ. ಸರಕು ಮತ್ತು ಸೇವಾ ತೆರಿಗೆಯಲ್ಲಿಯೂ, ಬಿಲ್ಲು ಬರೆದ 180 ದಿನಗಳೊಳಗೆ ಸರಬರಾಜುದಾರನಿಗೆ ಹಣ ಕೊಡದ ಖರೀದಿದಾರನು ಅದರ ಮೇಲೆ ಪಡೆದ ತೆರಿಗೆ ಜಮೆಯನ್ನು ಬಡ್ಡಿಸಹಿತ ಹಿಂತಿರುಗಿಸಬೇಕು. ಹಣ ಕೊಟ್ಟ ಬಳಿಕವೇ ಜಮೆಯನ್ನು ಮತ್ತೆ ಪಡೆಯಬಹುದು.

ಬಿಲ್ಲನ್ನೇ ಹಣವಾಗಿ ಪರಿವರ್ತಿಸುವ ದಾರಿಯೂ ಇದೆ. ರಿಸರ್ವ್ ಬ್ಯಾಂಕಿನ ನಿಯಮಗಳಡಿ 2017ರಿಂದ ಕೆಲಸಮಾಡುತ್ತಿರುವ 'ಟ್ರೆಡ್ಸ್' ಎಂಬ ವ್ಯವಸ್ಥೆಯಲ್ಲಿ ಖರೀದಿದಾರನು ಒಪ್ಪಿದ ಬಿಲ್ಲನ್ನು ಬ್ಯಾಂಕುಗಳು ಪೈಪೋಟಿಯ ದರದಲ್ಲಿ ಕೊಳ್ಳುತ್ತವೆ. ಸರಬರಾಜುದಾರನಿಗೆ ಕೆಲವೇ ದಿನಗಳಲ್ಲಿ ಹಣ ಸಿಗುತ್ತದೆ. ಮುಂದೆ ಹಣ ಕೊಡುವ ಹೊಣೆ ಖರೀದಿದಾರನದು. ವಾರ್ಷಿಕ 250 ಕೋಟಿ ರೂಪಾಯಿಗಿಂತ ಹೆಚ್ಚು ವಹಿವಾಟುಳ್ಳ ಕಂಪನಿಗಳು ಇದರಲ್ಲಿ ಸೇರಲೇಬೇಕೆಂದು 2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆದೇಶಿಸಿತು.

ಸಾಲಕ್ಕೆ ಆಸ್ತಿಯ ಅಡಮಾನವಿಲ್ಲದವರಿಗಾಗಿ 2000ದಲ್ಲಿ ಸಾಲ ಖಾತರಿ ನಿಧಿ ಟ್ರಸ್ಟ್ ಸ್ಥಾಪಿತವಾಯಿತು. ಅದರ ಖಾತರಿಯ ಮಿತಿಯನ್ನು 2025ರ ಏಪ್ರಿಲ್‌ನಿಂದ 10 ಕೋಟಿ ರೂಪಾಯಿಗೆ ಏರಿಸಲಾಗಿದೆ. ಕೇಂದ್ರ ಸರ್ಕಾರದ ಇಲಾಖೆಗಳೂ ಸಾರ್ವಜನಿಕ ವಲಯದ ಸಂಸ್ಥೆಗಳೂ ತಮ್ಮ ಖರೀದಿಯಲ್ಲಿ ಶೇಕಡ 25ರಷ್ಟನ್ನು ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಂದಲೇ ಪಡೆಯಬೇಕೆಂಬ ನಿಯಮವಿದೆ. ಅದರೊಳಗೆ ಪರಿಶಿಷ್ಟ ಜಾತಿ, ಪಂಗಡಗಳ ಉದ್ಯಮಿಗಳಿಗೆ ಶೇಕಡ 4, ಮಹಿಳಾ ಉದ್ಯಮಿಗಳಿಗೆ ಶೇಕಡ 3 ಮೀಸಲು. ಹೊಸ ಘಟಕ ತೆರೆಯುವವರಿಗೆ, ತೆಲಂಗಾಣ ರಾಜ್ಯವು 2014ರಲ್ಲಿ ಮಾಡಿದ ಐಪಾಸ್ ಅಧಿನಿಯಮವು ಪರವಾನಗಿಗಳನ್ನು ಗೊತ್ತಾದ ಅವಧಿಯಲ್ಲಿ ಪಡೆಯುವ ಹಕ್ಕನ್ನು ಕೊಟ್ಟಿದೆ. ಉದ್ಯಮಿಯ ಸ್ವಯಂ ದೃಢೀಕರಣವನ್ನು ಅದು ಮಾನ್ಯಮಾಡುತ್ತದೆ.

ರೋಗ ಮುದಿಯುವ ಮುನ್ನ

ವೈದ್ಯರು ಹೇಳುವಂತೆ ಬಹುತೇಕ ರೋಗಗಳಿಗೆ ಆರಂಭದ ಚಿಕಿತ್ಸೆಯೇ ಶ್ರೇಷ್ಠ. ಉದ್ಯಮದ ರೋಗಕ್ಕೂ ಲಕ್ಷಣಗಳಿವೆ. ಬ್ಯಾಂಕಿನ ಕಂತು 90 ದಿನಗಳಿಗೂ ಮೀರಿ ತಪ್ಪಿದರೆ ಆ ಸಾಲವು ವಸೂಲಾಗದ ಸಾಲವೆಂದು ಪರಿಗಣಿತವಾಗುತ್ತದೆ. ಆ ಮೇಲೆ ಹೊಸ ಸಾಲ ಹುಟ್ಟುವುದು ಕಷ್ಟ. ಆದರೆ 30, 60, 90 ದಿನಗಳ ಮೂರು ಹಂತಗಳಲ್ಲಿ ಎಚ್ಚರಿಕೆಯ ಗಂಟೆ ಬಾರಿಸುವಂತೆ 2015ರ ಮೇ ತಿಂಗಳಲ್ಲಿ ಪುನಶ್ಚೇತನದ ನಿಯಮಾವಳಿಯೊಂದು ಜಾರಿಗೆ ಬಂದಿದೆ. 25 ಕೋಟಿ ರೂಪಾಯಿವರೆಗಿನ ಸಾಲಗಳಿಗೆ ಅದು ಅನ್ವಯಿಸುತ್ತದೆ. ಉದ್ಯಮಿಯು ತಾನಾಗಿಯೇ ಬ್ಯಾಂಕಿಗೆ ಅರ್ಜಿ ಕೊಟ್ಟು, ಕಂತಿನ ಮರುಹೊಂದಾಣಿಕೆಯನ್ನು ಪರಿಶೀಲಿಸುವಂತೆ ಕೋರಬಹುದು. ಬ್ಯಾಂಕಿನ ನೋಟೀಸು ಬಂದಾಗ ಅದನ್ನು ಮೇಜಿನ ಅರೆಯೊಳಗೆ ಮುಚ್ಚಿಡುವುದು, ಎದೆನೋವನ್ನು ಮನೆಯವರಿಂದ ಮುಚ್ಚಿಟ್ಟಷ್ಟೇ ಅಪಾಯಕರ.

ಕ್ಷೀಣಿಸಿದ ಘಟಕಗಳನ್ನು ಬದುಕಿಸಲೆಂದೇ ತೆಲಂಗಾಣ ಸರ್ಕಾರವು ಹೈದರಾಬಾದಿನಲ್ಲಿ ಒಂದು ಹಣಕಾಸು ಸಂಸ್ಥೆಯನ್ನು ಸ್ಥಾಪಿಸಿ, ಅದಕ್ಕೆ 'ತೆಲಂಗಾಣ ಇಂಡಸ್ಟ್ರಿಯಲ್ ಹೆಲ್ತ್ ಕ್ಲಿನಿಕ್' ಎಂದು ಹೆಸರಿಟ್ಟಿತು. ಕೈಗಾರಿಕೆಗೂ ಚಿಕಿತ್ಸಾಲಯ ಬೇಕೆಂಬ ಆ ಕಲ್ಪನೆ ಅರ್ಥಪೂರ್ಣವಾದುದು.

ಉದ್ಯಮದ ಆರೋಗ್ಯವು ದುಡಿಯುವವರ ಆರೋಗ್ಯವನ್ನು ಬಿಟ್ಟು ಇಲ್ಲ. ನುರಿತ ಕೆಲಸಗಾರನೊಬ್ಬ ಹಾಸಿಗೆ ಹಿಡಿದರೆ ಸಣ್ಣ ಕಾರ್ಯಾಗಾರದ ಕೆಲಸವೇ ನಿಲ್ಲುತ್ತದೆ. ಆಸ್ಪತ್ರೆಯ ವೆಚ್ಚ ಒಡೆಯನ ಮೇಲೆಯೇ ಬಂದರೆ ಇಬ್ಬರೂ ಸಾಲಕ್ಕೆ ಬೀಳುತ್ತಾರೆ. 1948ರ ಅಧಿನಿಯಮದಿಂದ ಬಂದ ನೌಕರರ ರಾಜ್ಯ ವಿಮೆಯ ವ್ಯವಸ್ಥೆಯು, 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಮುಂದುವರಿದಿದೆ. 2019ರ ಜುಲೈಯಲ್ಲಿ ಇದರ ವಂತಿಗೆಯನ್ನು ವೇತನದ ಶೇಕಡ 6.5ರಿಂದ 4ಕ್ಕೆ ಇಳಿಸಲಾಯಿತು: ಒಡೆಯನದು 3.25, ಕೆಲಸಗಾರನದು 0.75. ಸನತ್‌ನಗರದ ಇ.ಎಸ್.ಐ. ಆಸ್ಪತ್ರೆ ಈ ನಗರದ ಕಾರ್ಮಿಕ ಕುಟುಂಬಗಳಿಗೆ ಚಿರಪರಿಚಿತ. ವಂತಿಗೆಯನ್ನು ಉಳಿಸಲೆಂದು ಹತ್ತು ಜನರಿರುವಲ್ಲಿ ಎಂಟು ಹೆಸರು ಬರೆಯುವುದು ಜಾಣತನವಲ್ಲ.

ಕಾನೂನಿದ್ದೂ ಬಳಕೆಯೇಕಿಲ್ಲ?

ಇಷ್ಟೆಲ್ಲ ಆಸರೆಯಿದ್ದರೂ ಬಾಕಿ ನಿಂತಿಲ್ಲ. ಇದಕ್ಕೆ ಮುಖ್ಯ ಕಾರಣ ಭಯ. ಒಬ್ಬನೇ ದೊಡ್ಡ ಗಿರಾಕಿಯನ್ನು ನಂಬಿದ ಘಟಕವು ಅವನ ಮೇಲೆ ದೂರು ಕೊಟ್ಟರೆ ಮರುದಿನ ಕೆಲಸವೇ ಇಲ್ಲದಂತಾಗಬಹುದು. ಈ ಭಯ ಆಧಾರವಿಲ್ಲದ್ದೆಂದು ತಳ್ಳಿಹಾಕುವಂತಿಲ್ಲ. ಹೈದರಾಬಾದಿನಲ್ಲಿ ಕೆಲವು ಬೃಹತ್ ಉದ್ದಿಮೆಗಳು ಕಾಲಕ್ರಮದಲ್ಲಿ ಸೊರಗಿದಾಗ, ಅವನ್ನೇ ನಂಬಿದ್ದ ಪೂರಕ ಘಟಕಗಳೂ ಬಾಡಿದವು; ಇತರ ಗಿರಾಕಿಗಳನ್ನು ಮೊದಲೇ ಹುಡುಕಿಕೊಂಡವು ಉಳಿದವು. ಆದುದರಿಂದ ದೂರು ಕೊಡುವ ಧೈರ್ಯವು ಗಿರಾಕಿಗಳ ಸಂಖ್ಯೆ ಹೆಚ್ಚಿದಷ್ಟೂ ಹೆಚ್ಚುತ್ತದೆ. ದೂರು ಕೊನೆಯ ಮದ್ದು. ಅದಕ್ಕಿಂತ ಮೊದಲು ಪಥ್ಯವಿದೆ.

ಎರಡನೆಯ ಕಾರಣ, ಕಾಗದಪತ್ರಗಳ ಬಗ್ಗೆ ಉದಾಸೀನ. ದೂರವಾಣಿಯಲ್ಲಿ ಕೇಳಿದ ಆದೇಶ, ಸಹಿ ಇಲ್ಲದ ಚಲನ್, ಬಾಯಿಮಾತಿನ ದರ, ಇವುಗಳ ಮೇಲೆ ವರ್ಷಗಟ್ಟಲೆ ವ್ಯವಹಾರ ಸಾಗಿರುತ್ತದೆ. ಜಗಳ ಬಂದ ದಿನ ಮಂಡಲಿಯ ಮುಂದಿಡಲು ಏನೂ ಇರುವುದಿಲ್ಲ.

ಮೂರನೆಯದು ನೋಂದಣಿ. 2020ರ ಜುಲೈ 1ರಿಂದ 'ಉದ್ಯಮ್' ನೋಂದಣಿ ಜಾರಿಯಲ್ಲಿದೆ, ಇದಕ್ಕೆ ಶುಲ್ಕವಿಲ್ಲ. 2025ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ವ್ಯಾಖ್ಯೆಯಂತೆ ಯಂತ್ರೋಪಕರಣಗಳ ಮೇಲೆ ಎರಡೂವರೆ ಕೋಟಿ ಹೂಡಿಕೆ ಹಾಗೂ ಹತ್ತು ಕೋಟಿ ವಹಿವಾಟು ಮೀರದ್ದು ಅತಿ ಸಣ್ಣ ಉದ್ಯಮ. 25 ಕೋಟಿ ಹೂಡಿಕೆ, 100 ಕೋಟಿ ವಹಿವಾಟು ಮೀರದ್ದು ಸಣ್ಣ ಉದ್ಯಮ. ಹೋಟೆಲು, ಮುದ್ರಣಾಲಯ, ದುರಸ್ತಿ ಕಾರ್ಯಾಗಾರ, ರೋಗಪರೀಕ್ಷಾ ಪ್ರಯೋಗಾಲಯಗಳೂ ಇದರಲ್ಲಿ ಸೇರುತ್ತವೆ. ಕೊಂಡು ಮಾರುವ ವ್ಯಾಪಾರಿಗಳಿಗೆ 2021ರ ಜುಲೈಯಿಂದ ನೋಂದಣಿಗೆ ಅವಕಾಶವಿದ್ದರೂ ಅದು ಆದ್ಯತೆಯ ಸಾಲದ ಸಲುವಾಗಿ ಮಾತ್ರ. 45 ದಿನಗಳ ಕಾನೂನು ಅವರಿಗಾಗಿ ಅಲ್ಲ. ಸರಬರಾಜು ಮಾಡಿದ ಮೇಲೆ ಮಾಡಿಸಿದ ನೋಂದಣಿಯು ಹಿಂದಿನ ಬಾಕಿಗೆ ಅನ್ವಯಿಸದೆಂದು 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಈ ಪ್ರಶ್ನೆಯನ್ನು 2025ರ ಜನವರಿಯಲ್ಲಿ ಅದೇ ನ್ಯಾಯಾಲಯವು ಹಿರಿಯ ಪೀಠಕ್ಕೆ ಒಪ್ಪಿಸಿತು. ಮೊದಲೇ ನೋಂದಣಿಯಿದ್ದವನಿಗೆ ಈ ವಾದದ ಗೋಜೇ ಇಲ್ಲ.

ಉದ್ಯಮಿಯ ದಿನಚರಿ

ಆರೋಗ್ಯಕ್ಕೆ ದಿನಚರಿ ಹೇಗೋ ಹಾಗೆ ಉದ್ಯಮಕ್ಕೂ ಕೆಲವು ಅಭ್ಯಾಸಗಳು ಅಗತ್ಯ:

1. ವ್ಯವಹಾರ ತೊಡಗುವ ಮೊದಲೇ ಉದ್ಯಮ್ ನೋಂದಣಿ ಮಾಡಿಸಿ, ಅದರ ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೂ ಅಚ್ಚು ಹಾಕಿಸುವುದು. ತಾನು ಕೊಳ್ಳುತ್ತಿರುವುದು ಸಣ್ಣ ಉದ್ಯಮದಿಂದ ಎಂಬುದು ಗಿರಾಕಿಯ ಲೆಕ್ಕಪತ್ರ ವಿಭಾಗಕ್ಕೆ ತಿಳಿದಿರಬೇಕು.

2. ಬರಹದ ಖರೀದಿ ಆದೇಶವಿಲ್ಲದೆ ಕೆಲಸ ಆರಂಭಿಸದಿರುವುದು. ದರ, ಪ್ರಮಾಣ, ಪಾವತಿಯ ದಿನ ಅದರಲ್ಲಿರಬೇಕು.

3. ಸರಕು ತಲುಪಿದ ದಿನಾಂಕ, ಸಹಿ, ಮುದ್ರೆಗಳಿರುವ ಚಲನ್ ಪ್ರತಿಯನ್ನು ಕಾಪಾಡುವುದು. ಕಾನೂನಿನ ದಿನಗಣನೆಗೆ ಆಧಾರ ಇದೇ.

4. ಮೂವತ್ತನೆಯ ದಿನ ವಿನಯದ ನೆನಪಿನ ಪತ್ರ, ನಲವತ್ತಾರನೆಯ ದಿನ ಬಡ್ಡಿಯ ಉಲ್ಲೇಖವಿರುವ ಪತ್ರ ಬರೆಯುವುದು. ಎಲ್ಲ ಗಿರಾಕಿಗಳಿಗೂ ಒಂದೇ ಕ್ರಮವಿದ್ದರೆ ಯಾರೂ ಅಸಮಾಧಾನಪಡರು.

5. ವಹಿವಾಟಿನ ಬಹುಭಾಗ ಒಬ್ಬನೇ ಗಿರಾಕಿಯ ಮೇಲೆ ನಿಲ್ಲದಂತೆ ನೋಡಿಕೊಳ್ಳುವುದು.

6. ಬಾಕಿಯನ್ನು ವರ್ಷಗಟ್ಟಲೆ ಹಳಸಲು ಬಿಡದಿರುವುದು. ಕಾಲ ಕಳೆದಷ್ಟೂ ಸಾಕ್ಷ್ಯ ಸವೆಯುತ್ತದೆ. ಕಾಲಪರಿಮಿತಿಯ ತಕರಾರೂ ಎದುರಾಗುತ್ತದೆ.

7. ತನಗಿಂತ ಸಣ್ಣವರಿಂದ ಸಾಮಾನು ಕೊಂಡಾಗ ಅವರಿಗೂ ಕಾಲಕ್ಕೆ ಸರಿಯಾಗಿ ಹಣ ಸಲ್ಲಿಸುವುದು. ಬಡಗಿಯಿಂದ ಪೆಟ್ಟಿಗೆ ಮಾಡಿಸಿಕೊಂಡ ಕಾರ್ಖಾನೆಯ ಒಡೆಯನಿಗೂ ಇದೇ ಕಾನೂನು ಅನ್ವಯಿಸುತ್ತದೆ.

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂದರು ಹಿರಿಯರು. ಲೆಕ್ಕ ಬಲ್ಲವನಿಗೆ ಬಾಕಿಯಿಲ್ಲ ಎಂಬುದನ್ನೂ ಇದಕ್ಕೆ ಸೇರಿಸಬಹುದು. ಸಂಘ ಸಂಸ್ಥೆಗಳು ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆಯ ಶಿಬಿರ ನಡೆಸುವಂತೆ, ಸಣ್ಣ ಉದ್ಯಮಿಗಳ ನೋಂದಣಿಯನ್ನೂ ಕಾಗದಪತ್ರಗಳನ್ನೂ ಪರಿಶೀಲಿಸಿಕೊಡುವ ಒಂದು ದಿನದ ಶಿಬಿರವನ್ನು ಲೆಕ್ಕಪರಿಶೋಧಕರ ಹಾಗೂ ವಕೀಲರ ನೆರವಿನಿಂದ ನಡೆಸಿದರೆ, ಪರಸ್ಥಳದಲ್ಲಿ ನೆಲೆಸಿ ಅಲ್ಲಿನ ಕಚೇರಿಗಳ ಭಾಷೆಗೆ ಹೊಸಬರಾದವರಿಗೆ ಅದರಿಂದ ಮಹದುಪಕಾರವಾಗುವುದು. ಶಾಸನವು ಹಕ್ಕನ್ನು ಕೊಟ್ಟಿದೆ. ಅದನ್ನು ಉಪಯೋಗಿಸುವ ಎಚ್ಚರವೂ ಒಗ್ಗಟ್ಟೂ ಉದ್ಯಮಿಗಳಲ್ಲಿ ಮೂಡಿದರೆ, ದುಡಿದವನ ಹಣ ದುಡಿದವನ ಮನೆಯನ್ನು ಕಾಲಕ್ಕೆ ಸರಿಯಾಗಿ ಸೇರುತ್ತದೆ.